ಶಾಂತಿಯ ಅನ್ವೇಷಣೆ: ಪಂಡಿತಾ ರಮಾಬಾಯಿಯವರ ಕ್ರೈಸ್ತ ಜೀವನದ ಎರಡು ಘಟ್ಟಗಳು (1883–1891)

ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ನಡೆದ ಮತಾಂತರಗಳನ್ನು ಕುರಿತು ಇದುವರೆಗೆ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಅವುಗಳ ಸಾಮಾಜಿಕ ಕಾರಣಗಳನ್ನೂ ರಾಜಕೀಯ ಪರಿಣಾಮಗಳನ್ನೂ ಶೋಧಿಸಿವೆ. ಜಾತಿಯ ಒತ್ತಡ, ಬರಗಾಲ, ಶಿಕ್ಷಣದ ಆಕರ್ಷಣೆ, ಮಿಶನರಿ ಸಂಸ್ಥೆಗಳ ಪ್ರಭಾವ ಇವೆಲ್ಲ ಈ ಅಧ್ಯಯನಗಳಲ್ಲಿ ಚರ್ಚೆಗೆ ಬಂದಿವೆ. ಆದರೆ ಮತಾಂತರಗೊಂಡ ವ್ಯಕ್ತಿಗಳು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಬಳಸುವ ‘ಶಾಂತಿ’ ಎಂಬ ಮಾತನ್ನು ಇತಿಹಾಸಕಾರರು ಸಾಮಾನ್ಯವಾಗಿ ಭಕ್ತಿಯ ಔಪಚಾರಿಕ ಭಾಷೆಯೆಂದು ಬದಿಗಿರಿಸುವುದೇ ಹೆಚ್ಚು. ಒಳಗಿನ ಶಾಂತಿಗೆ ಇತಿಹಾಸವಿದೆಯೇ? ಇದ್ದರೆ ಅದನ್ನು ಯಾವ ಆಧಾರಗಳಿಂದ ಅರಿಯಬೇಕು? ಈ ಪ್ರಶ್ನೆಗಳನ್ನು ಪಂಡಿತಾ ರಮಾಬಾಯಿಯವರ (1858–1922) ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ರಮಾಬಾಯಿಯವರನ್ನು ಇಲ್ಲಿ ಆಯ್ದುಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಅವರು ದೀಕ್ಷಾಸ್ನಾನ ಪಡೆದದ್ದು 1883ರಲ್ಲಿ. ತಮಗೆ ಮನಶ್ಶಾಂತಿ ದೊರೆತದ್ದು 1891ರಲ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ. ಮತವನ್ನು ಸ್ವೀಕರಿಸುವುದಕ್ಕೂ ಶಾಂತಿಯನ್ನು ಪಡೆಯುವುದಕ್ಕೂ ನಡುವೆ ಇರುವ ಈ ಎಂಟು ವರ್ಷಗಳ ಅಂತರ ವಿಚಾರಣೆಗೆ ಅರ್ಹವಾದುದು. ಎರಡನೆಯದಾಗಿ, ಅವರ ಜೀವನದ ಮೂಲಪ್ರಶ್ನೆ ಹುಟ್ಟಿದ ನೆಲ ಕರ್ನಾಟಕದ ಪಶ್ಚಿಮಘಟ್ಟ. ಮಹಾರಾಷ್ಟ್ರದ ಸಮಾಜಸುಧಾರಕಿಯೆಂದೇ ಪ್ರಸಿದ್ಧರಾದ ಅವರ ಈ ಮೂಲವನ್ನು ನಮ್ಮಲ್ಲಿ ಸಾಕಷ್ಟು ಗಮನಿಸಿಲ್ಲ.

ಹಿನ್ನೆಲೆ: ಗಂಗಾಮೂಲದ ವಿದ್ಯಾಶ್ರಮ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳ ಪ್ರದೇಶದ ಚಿತ್ಪಾವನ ಬ್ರಾಹ್ಮಣ ಮನೆತನದವರು. ಸಂಸ್ಕೃತ ವಿದ್ಯೆಯ ಆಕಾಂಕ್ಷೆಯಿಂದ ಪುಣೆಗೆ ಹೋಗಿ ಕಲಿತ ಅವರು ಅಲ್ಲಿ ತಮ್ಮ ಗುರುಗಳು ಪೇಶ್ವೆಯ ಅರಮನೆಯ ಸ್ತ್ರೀಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡರು. ಸ್ತ್ರೀಯರಿಗೂ ಈ ವಿದ್ಯೆ ಸಲ್ಲಬೇಕೆಂಬ ನಿಶ್ಚಯ ಅವರಲ್ಲಿ ಮೂಡಿದುದು ಅಲ್ಲಿಂದ. ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅವರು ಸಂಸ್ಕೃತ ಕಲಿಸಲು ತೊಡಗಿದಾಗ ಬಂಧುಬಾಂಧವರಿಂದ ವಿರೋಧ ಬಂದಿತು. ಕೊನೆಗೆ ಅವರು ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೆನಿಸಿದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ನೆಲೆಸಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಈ ಆಶ್ರಮದಲ್ಲಿ.

ಅತಿಥಿಸತ್ಕಾರ ಮತ್ತು ದಾನಧರ್ಮಗಳಿಂದ ಆಸ್ತಿ ಕರಗಿದ ಮೇಲೆ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಆಗ ರಮಾಬಾಯಿ ಇನ್ನೂ ಕೆಲವು ತಿಂಗಳ ಕೂಸು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಅವರನ್ನು ಘಟ್ಟದಿಂದ ಇಳಿಸಿದರು. ಅಲ್ಲಿಂದ ಮುಂದೆ ಸುಮಾರು 16 ವರ್ಷಗಳ ಕಾಲ ಈ ಕುಟುಂಬಕ್ಕೆ ನಿಂತ ನೆಲೆಯೆಂಬುದಿರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗಿ ದೇವಾಲಯಗಳಲ್ಲಿ ಪುರಾಣ ಹೇಳುವುದು, ಶ್ರೋತೃಗಳು ಕೊಟ್ಟ ಕಾಣಿಕೆಯಿಂದ ಜೀವಿಸುವುದು ಅವರ ವೃತ್ತಿಯಾಯಿತು. ತಾಯಿಯಿಂದ ಸಂಸ್ಕೃತ ಪಾಠವಾಯಿತು. ಸಂಚಾರದಲ್ಲಿ ಮರಾಠಿಯೊಡನೆ ಕನ್ನಡ, ಹಿಂದುಸ್ತಾನಿ ಮೊದಲಾದ ಭಾಷೆಗಳ ಪರಿಚಯವಾಯಿತು.

ಇದೇ ಅವಧಿಯಲ್ಲಿ ಕರಾವಳಿಯಲ್ಲಿ ಕ್ರೈಸ್ತ ಮಿಶನ್‌ಗಳ ಕೆಲಸ ಸಾಕಷ್ಟು ಬೇರೂರಿತ್ತೆಂಬುದನ್ನು ನೆನೆಯಬೇಕು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಅಲ್ಲಿ ದೀಕ್ಷಾಸ್ನಾನ ಪಡೆದಿದ್ದರು. ಆದರೆ ಗಂಗಾಮೂಲದ ಆಶ್ರಮಕ್ಕೂ ಈ ಚಳುವಳಿಗೂ ಸಂಬಂಧವಿರಲಿಲ್ಲ. ರಮಾಬಾಯಿ ಇಲ್ಲಿಂದ ಒಯ್ದದ್ದು ಕ್ರೈಸ್ತ ಸಂದೇಶವನ್ನಲ್ಲ, ಒಂದು ಪ್ರಶ್ನೆಯನ್ನು. ತಂದೆ ಸ್ತ್ರೀಗೆ ಸಂಸ್ಕೃತ ವಿದ್ಯೆಯನ್ನು ಕೊಟ್ಟರು. ಆದರೆ ಪರಂಪರೆಯನ್ನು ಅನುಸರಿಸಿ ವೇದವನ್ನು ಕೊಡಲಿಲ್ಲ. ವಿದ್ಯೆಗೆ ಅರ್ಹಳಾದ ಹೆಣ್ಣು ಮುಕ್ತಿಗೆ ಅರ್ಹಳೇ? ಈ ಪ್ರಶ್ನೆ ಆ ಮನೆಯಲ್ಲಿ ಉತ್ತರವಿಲ್ಲದೆ ಉಳಿದಿತ್ತು.

ಬರಗಾಲ ಮತ್ತು ನಂಬಿಕೆಯ ಕುಸಿತ

1874ರಿಂದ 1877ರವರೆಗಿನ ಕ್ಷಾಮದ ವರ್ಷಗಳು ಈ ಕುಟುಂಬವನ್ನು ನಾಶಮಾಡಿದವು. ಕೂಲಿ ಮಾಡಲು ಕಲಿಯದ, ಭಿಕ್ಷೆ ಬೇಡಲು ನಾಚುವ ಪಂಡಿತ ಕುಟುಂಬವದು. ಕೈಯಲ್ಲಿದ್ದುದನ್ನೆಲ್ಲ ದೇವತಾರಾಧನೆಗೂ ದಾನಕ್ಕೂ ವೆಚ್ಚಮಾಡಿ, ವ್ರತ ಉಪವಾಸಗಳಿಂದ ದೇವರು ಪ್ರಸನ್ನನಾಗುವನೆಂದು ಕಾದರು. ತಂದೆ, ತಾಯಿ, ಹಿರಿಯ ಸೋದರಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಹಸಿದ ತಾಯಿಗಾಗಿ ನೆರೆಯ ಮನೆಯಲ್ಲಿ ರೊಟ್ಟಿ ಕೇಳಲು ಹೋಗಿ ನಾಚಿಕೆಯಿಂದ ಮಾತು ಹೊರಡದೆ ನಿಂತ ಸಂಗತಿಯನ್ನು ರಮಾಬಾಯಿ ಮುಂದೆ ಕ್ಷಾಮದ ನೆನಪುಗಳಲ್ಲಿ ಬರೆದಿದ್ದಾರೆ. ತಂದೆ ಸಾಯುವ ಮುನ್ನ ಮಗಳನ್ನು ಹತ್ತಿರ ಕರೆದು, ತಾನು ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಆಕೆ ಜೀವಮಾನವಿಡೀ ಅವನ ಸೇವೆಯನ್ನೇ ಮಾಡಬೇಕೆಂದೂ ಹೇಳಿದರು. ಈ ಮಾತನ್ನು ರಮಾಬಾಯಿ ಕೊನೆಯವರೆಗೂ ಮರೆಯಲಿಲ್ಲ. ಯಾವ ದೇವರ ಕೈ ಎಂಬುದು ಮಾತ್ರ ಅನಂತರದ ಶೋಧನೆಯ ವಿಷಯವಾಯಿತು.

ಅಣ್ಣ ಶ್ರೀನಿವಾಸನೊಡನೆ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದು ಅವರು 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಈ ಮನ್ನಣೆಯ ನಡುವೆಯೇ ಅವರ ನಂಬಿಕೆ ಸಡಿಲಗೊಳ್ಳುತ್ತಿತ್ತು. ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಕೊಡುವ ಸಲುವಾಗಿ ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ, ಪರಸ್ಪರ ವಿರೋಧಿಸುವ ಗ್ರಂಥಗಳೆಲ್ಲ ಒಂದು ವಿಷಯದಲ್ಲಿ ಏಕಾಭಿಪ್ರಾಯ ತಳೆದಿರುವುದನ್ನು ಅವರು ಕಂಡರು. ಸ್ತ್ರೀಯರು ಸ್ವಭಾವತಃ ಕೆಟ್ಟವರು. ಪುರುಷನಂತೆ ಅವರಿಗೆ ಮೋಕ್ಷವಿಲ್ಲ. ಪತಿಸೇವೆಯೊಂದೇ ಅವರ ಗತಿ. ಶೂದ್ರರ ವಿಷಯದಲ್ಲೂ ಇಂತಹುದೇ ನಿರಾಕರಣೆ ಇತ್ತು. ಕೇಶವಚಂದ್ರ ಸೇನರು ವೇದದ ಪ್ರತಿಯನ್ನು ಕೊಟ್ಟು ಓದಲು ಪ್ರೇರೇಪಿಸಿದ ಬಳಿಕ ನಿಷಿದ್ಧವಾಗಿದ್ದ ಆ ಗ್ರಂಥಗಳನ್ನೂ ಅವರು ಓದಿದರು. ಅಸಮಾಧಾನ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಅವರ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ಒಪ್ಪಬೇಕಾಗಿಲ್ಲ. ಭಕ್ತಿಪಂಥಗಳು, ನಮ್ಮ ವಚನಕಾರ್ತಿಯರು, ವಾರಕರಿ ಸಂತ ಸ್ತ್ರೀಯರು ಈ ಪ್ರಶ್ನೆಗೆ ಬೇರೆಯೇ ಉತ್ತರ ನೀಡಿದ್ದರು. ಆದರೆ ಸ್ಮೃತಿಗ್ರಂಥಗಳ ಪರಿಸರದಲ್ಲಿ ಬೆಳೆದು, ಆ ಗ್ರಂಥಗಳ ಅಧಿಕಾರವನ್ನು ಅಕ್ಷರಶಃ ನಂಬಿದ್ದ ಒಬ್ಬ ಪಂಡಿತೆಗೆ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. ಇಡೀ ಕುಟುಂಬವನ್ನು ಮಣ್ಣುಪಾಲು ಮಾಡಿದ ವ್ರತನಿಯಮಗಳ ಫಲ ತನಗೆ ಹೆಣ್ಣೆಂಬ ಕಾರಣಕ್ಕೆ ಸಲ್ಲದೆಂದಾದರೆ ಉಳಿಯುವುದೇನು? ಅವರ ಅಶಾಂತಿಯ ಮೂಲ ಇಲ್ಲಿದೆ.

ಕ್ರೈಸ್ತ ಗ್ರಂಥದ ಪ್ರಥಮ ಪರಿಚಯವೂ ಕಲ್ಕತ್ತೆಯಲ್ಲಾಯಿತು. ಅಲ್ಲಿನ ಒಂದು ಕ್ರೈಸ್ತ ಕೂಟದಲ್ಲಿ ಜನರು ಕುರ್ಚಿಗಳ ಮುಂದೆ ಮೊಣಕಾಲೂರಿದುದನ್ನು ಕಂಡು, ಇವರು ಕುರ್ಚಿಗಳನ್ನು ಪೂಜಿಸುತ್ತಿದ್ದಾರೆಂದು ಅಣ್ಣತಂಗಿ ಭಾವಿಸಿದರಂತೆ. ಅಂದು ದೊರೆತ ಸಂಸ್ಕೃತ ಬೈಬಲಿನ ಭಾಷೆಯೂ ಅವರಿಗೆ ಹಿಡಿಸಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡ ಬಳಿಕ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿ, ಪ್ರಾಂತಗಳ ಎಲ್ಲೆ ಮೀರಿ ವಿವಾಹವಾದ ರಮಾಬಾಯಿ ಸಿಲ್ಚರ್‌ನಲ್ಲಿ ನೆಲೆಸಿದರು. ಪತಿಯ ಪುಸ್ತಕಸಂಗ್ರಹದಲ್ಲಿ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಅವರ ಕಣ್ಣಿಗೆ ಬಿತ್ತು. ಕ್ರೈಸ್ತಳಾಗುವ ಇಚ್ಛೆಯನ್ನು ಸೂಚಿಸಿದಾಗ ಪತಿ ಅಸಮಾಧಾನಗೊಂಡರು. 1882ರ ಫೆಬ್ರವರಿಯಲ್ಲಿ ಅವರು ಕಾಲರಾ ರೋಗದಿಂದ ತೀರಿಕೊಂಡರು. ಒಂದು ವರ್ಷವೂ ತುಂಬದ ಮಗಳು ಮನೋರಮಾಳೊಡನೆ ರಮಾಬಾಯಿ ಪುಣೆಗೆ ಬಂದರು.

ವಾಂಟೇಜ್: ಮತಸ್ವೀಕಾರ

ಪುಣೆಯಲ್ಲಿ ಅವರು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನೀಡಿ ಭಾರತೀಯ ಸ್ತ್ರೀಯರಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ವೈದ್ಯವಿದ್ಯೆ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟು ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಮಠದ ಸೋದರಿಯರ ಆಶ್ರಯದಲ್ಲಿ ನಿಂತರು. ಕಿವಿ ಮಂದವಾಗತೊಡಗಿದ್ದರಿಂದ ವೈದ್ಯ ಶಿಕ್ಷಣ ಕೈಗೂಡಲಿಲ್ಲ. ಜೊತೆಗೆ ಬಂದಿದ್ದ ಆನಂದಿಬಾಯಿ ಭಗತ್ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಈ ದುರಂತದ ನೆರಳಿನಲ್ಲೇ, 1883ರ ಸೆಪ್ಟೆಂಬರ್ 29ರಂದು, ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಈ ನಿರ್ಧಾರಕ್ಕೆ ಅವರು ನೀಡುವ ಕಾರಣಗಳು ಎರಡು. ತಾವೂ ಚಿತ್ಪಾವನ ಬ್ರಾಹ್ಮಣರಾಗಿ ಹುಟ್ಟಿ ಕ್ರೈಸ್ತರಾಗಿದ್ದ ನೆಹೆಮಿಯಾ ಗೋರೆಯವರ ಬರಹಗಳು ಅವರ ಬುದ್ಧಿಗೆ ಸಮಾಧಾನ ನೀಡಿದವು. ಹೃದಯವನ್ನು ತಟ್ಟಿದ್ದು ಲಂಡನ್ನಿನ ಫುಲ್ಹಮ್‌ನಲ್ಲಿ ಸೋದರಿಯರು ನಡೆಸುತ್ತಿದ್ದ ಆಶ್ರಯಧಾಮ. ಸಮಾಜವು ಪತಿತೆಯರೆಂದು ಕರೆದ ಹೆಂಗಸರು ಅಲ್ಲಿ ಗೌರವದ ಜೀವನಕ್ಕೆ ಮರಳಿದ್ದರು; ತಮ್ಮಂತಹ ಇತರರಿಗೆ ಸೇವೆ ಮಾಡುತ್ತಿದ್ದರು. ಧರ್ಮಶಾಸ್ತ್ರಗಳು ಅಂತಹ ಸ್ತ್ರೀಯರಿಗೆ ಶಿಕ್ಷೆಯನ್ನಲ್ಲದೆ ಕರುಣೆಯನ್ನು ವಿಧಿಸಿರಲಿಲ್ಲವೆಂಬುದು ರಮಾಬಾಯಿಯವರ ಓದಿನಿಂದ ತಿಳಿದ ವಿಷಯ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಕೇಳಿದಾಗ ಸೋದರಿಯೊಬ್ಬರು ಯೋಹಾನನ ಸುವಾರ್ತೆಯಲ್ಲಿ ಯೇಸು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗವನ್ನು ಓದಿ ತೋರಿಸಿದರು. ಜಾತಿಯಿಂದಲೂ ನಡತೆಯಿಂದಲೂ ಹೊರಗಿಡಲ್ಪಟ್ಟ ಹೆಂಗಸಿನೊಡನೆ ದೇವರ ಆರಾಧನೆಯಂತಹ ಗಹನ ವಿಷಯವನ್ನು ಚರ್ಚಿಸಿದ ಗುರು ತನಗೆ ಬೇಕಾದವನೆಂದು ಅವರಿಗೆ ತೋರಿತು. ಗಂಗಾಮೂಲದಿಂದ ಬೆನ್ನುಹತ್ತಿದ ಪ್ರಶ್ನೆಗೆ ದೊರೆತ ಮೊದಲ ಉತ್ತರವಿದು.

ಪತ್ರಗಳಲ್ಲಿ ಕಾಣುವ ಅಶಾಂತಿ

ದೀಕ್ಷಾಸ್ನಾನದ ಅನಂತರದ ವರ್ಷಗಳಲ್ಲಿ ರಮಾಬಾಯಿ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದು, ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಹಾಗೂ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಡನೆ ನಡೆಸಿದ ಪತ್ರವ್ಯವಹಾರವು 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಪ್ರಕಟವಾಗಿದೆ. ಈ ಪತ್ರಗಳು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಆಕರ.

ಜೆರಾಲ್ಡೀನ್ ಅವರನ್ನು ರಮಾಬಾಯಿ ‘ಆಜೀಬಾಯಿ’, ಅಂದರೆ ಅಜ್ಜಿ, ಎಂದೇ ಸಂಬೋಧಿಸುತ್ತಾರೆ. ಈ ಸಲಿಗೆಯ ಒಳಗೇ ತೀವ್ರ ವಾದ ನಡೆಯುತ್ತದೆ. ತ್ರಯೇಕ ದೇವರ ತತ್ತ್ವ, ಇಂಗ್ಲೆಂಡಿನ ಸಭೆಯ ವಿಶ್ವಾಸಸೂತ್ರಗಳು, ಬಿಷಪ್ಪರ ಅಧಿಕಾರ ಮೊದಲಾದವನ್ನು ಸ್ವತಃ ಬೈಬಲನ್ನು ಓದಿ ಪರೀಕ್ಷಿಸದೆ ಒಪ್ಪಲಾಗದೆಂಬುದು ರಮಾಬಾಯಿಯವರ ನಿಲುವು. ಒಂದು ಪುರೋಹಿತ ವರ್ಗದ ನೊಗವನ್ನು ಕಷ್ಟಪಟ್ಟು ಕಳಚಿಕೊಂಡವಳು ಇನ್ನೊಂದು ಪುರೋಹಿತ ವರ್ಗದ ನೊಗಕ್ಕೆ ಹೆಗಲು ಕೊಡಲಾರೆನೆಂಬ ಭಾವ ಅವರ ಬರಹದಲ್ಲಿ ಸ್ಪಷ್ಟವಾಗಿದೆ. ಶಿಲುಬೆಯ ಮೇಲಿನ ಲ್ಯಾಟಿನ್ ಬರಹದ ಬಗೆಗೂ ಅವರ ಆಕ್ಷೇಪವಿತ್ತು: ತನಗೂ ತನ್ನ ಜನಕ್ಕೂ ಅರಿಯದ ಲ್ಯಾಟಿನ್ ಪವಿತ್ರವಾಗುವುದಾದರೆ ಸಂಸ್ಕೃತವೇಕೆ ಆಗಬಾರದು? ಅವರು ಪುರುಷ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಭಾರತದಲ್ಲಿ ಅವರ ಹೆಸರಿಗೆ ಕುಂದು ತಂದೀತೆಂದು ಬಿಷಪ್ಪರು ಅಡ್ಡಿಪಡಿಸಿದರು. ಪಂಡಿತರ ಸಭೆಗಳಲ್ಲಿ ಉಪನ್ಯಾಸ ಕೊಟ್ಟು ಬೆಳೆದ ರಮಾಬಾಯಿಯವರಿಗೆ ಇದು ಅವಮಾನವಾಗಿ ಕಂಡಿತು. ಮಗಳ ಧಾರ್ಮಿಕ ಶಿಕ್ಷಣ ಯಾರ ಹೊಣೆ ಎಂಬ ವಿವಾದವೂ ಇದಕ್ಕೆ ಸೇರಿಕೊಂಡಿತು.

ಈ ಪತ್ರಗಳನ್ನು ಅನೇಕ ವಿದ್ವಾಂಸರು ಸಾಮ್ರಾಜ್ಯಶಾಹಿ ಮತ್ತು ಪುರುಷಪ್ರಧಾನ ಸಭಾಧಿಕಾರದ ವಿರುದ್ಧದ ಪ್ರತಿಭಟನೆಯೆಂದು ವ್ಯಾಖ್ಯಾನಿಸಿದ್ದಾರೆ. ಅದು ಸಮಂಜಸವೇ. ಆದರೆ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು. ಪ್ರತಿಯೊಂದು ತತ್ತ್ವವನ್ನೂ ತನ್ನ ಮನಸ್ಸಾಕ್ಷಿಯ ಎದುರಿಗಿಟ್ಟು ತೂಗುವ ಈ ವಾದದಲ್ಲಿ ಗೆಲುವಿದೆ, ಸ್ವಾತಂತ್ರ್ಯವಿದೆ, ವಿಶ್ರಾಂತಿ ಇಲ್ಲ. ಎಲ್ಲವನ್ನೂ ತಾನೇ ನಿರ್ಣಯಿಸಬೇಕಾದ ಹೊಣೆ ತನ್ನ ಮೇಲೆಯೇ ಉಳಿಯುತ್ತದೆ. ಬಾಲ್ಯದಲ್ಲಿ ವ್ರತಗಳಿಂದ ಸಂಪಾದಿಸಬೇಕಾಗಿದ್ದ ಪುಣ್ಯದ ಸ್ಥಾನದಲ್ಲಿ ಈಗ ಸರಿಯಾದ ತತ್ತ್ವನಿಶ್ಚಯ ಬಂದಿತ್ತು. ಎರಡೂ ಸ್ವಂತ ಪ್ರಯತ್ನದಿಂದಲೇ ಸಾಧಿಸಬೇಕಾದವು.

1891: ಪ್ರಯತ್ನದಿಂದ ಕೃಪೆಗೆ

1886ರಲ್ಲಿ ತಮ್ಮ ಬಂಧು ಆನಂದಿಬಾಯಿ ಜೋಶಿಯವರು ವೈದ್ಯ ಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕೆಗೆ ಹೋದ ರಮಾಬಾಯಿ ಅಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ನಿಂತು ಉಪನ್ಯಾಸಗಳ ಮೂಲಕ ಸಹಾಯ ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ಆರಂಭವಾಯಿತು. ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದ ಗೋದೂಬಾಯಿ ಅದರ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರು. ಮತಬೋಧನೆ ಇರುವುದಿಲ್ಲವೆಂಬ ನಿಯಮದಿಂದ ರಾನಡೆ, ಭಂಡಾರಕರ್ ಮೊದಲಾದ ಸುಧಾರಕರ ಬೆಂಬಲವೂ ದೊರಕಿತು. ಸಂಸ್ಥೆ ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಹೊರಗಿನಿಂದ ನೋಡಿದರೆ ಇದು ಯಶಸ್ಸಿನ ಕಾಲ.

ಇದೇ ಕಾಲವನ್ನು ಅವರು 1907ರಲ್ಲಿ ಪ್ರಕಟವಾದ ‘ಸಾಕ್ಷಿ’ ಎಂಬ ಆತ್ಮನಿವೇದನೆಯಲ್ಲಿ ಒಳಗಿನ ಕೊರತೆಯ ಕಾಲವೆಂದು ಬಣ್ಣಿಸುತ್ತಾರೆ. ತಾನು ಕ್ರೈಸ್ತ ಮತವನ್ನು ಕಂಡುಕೊಂಡಿದ್ದೆನೇ ಹೊರತು ಆ ಮತದ ಜೀವವಾದ ಕ್ರಿಸ್ತನನ್ನು ಕಂಡುಕೊಂಡಿರಲಿಲ್ಲವೆಂಬುದು ಅವರ ಮಾತಿನ ಸಾರ. ಈ ಅರಿವಿಗೆ ನಿಮಿತ್ತವಾದದ್ದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಹಾಸ್ಲಮ್ ಬರೆದ ಆತ್ಮಚರಿತ್ರೆ. ಹಾಸ್ಲಮ್ ಕಾರ್ನ್‌ವಾಲ್ ಪ್ರಾಂತದ ಪಾದ್ರಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ, 1851ರಲ್ಲಿ, ತಮ್ಮದೇ ಪ್ರಸಂಗವನ್ನು ಮಾಡುತ್ತಿರುವಾಗ ತಮಗೆ ಅದರ ಅನುಭವವಿಲ್ಲವೆಂದು ಅರಿತು ಪರಿವರ್ತನೆ ಹೊಂದಿದವರೆಂದು ಪ್ರಸಿದ್ಧರಾಗಿದ್ದರು. ದೀಕ್ಷಾಸ್ನಾನ, ವಿದ್ವತ್ತು, ಸೇವೆ ಎಲ್ಲವೂ ಇದ್ದು ಒಳಗೆ ಬರಿದಾಗಿದ್ದ ಒಬ್ಬ ಪಾದ್ರಿಯ ಕಥೆಯಲ್ಲಿ ರಮಾಬಾಯಿ ತಮ್ಮನ್ನೇ ಕಂಡರು.

ಅವರಿಗೆ ದೊರೆತ ಶಾಂತಿಯ ಸ್ವರೂಪವನ್ನು ‘ಸಾಕ್ಷಿ’ಯ ಆಧಾರದಿಂದ ಹೀಗೆ ಸಂಗ್ರಹಿಸಬಹುದು. ಪಾಪಕ್ಷಮೆಗಾಗಿ ಅಸಂಖ್ಯ ಜನ್ಮಗಳ ಕಾಲ ಕಾಯಬೇಕಾಗಿಲ್ಲ; ಅದನ್ನು ಅರ್ಹತೆಯಿಂದ ಗಳಿಸಬೇಕಾಗಿಲ್ಲ; ಅದು ದಾನವಾಗಿ ಈಗಲೇ ದೊರೆಯುವಂತಹುದು. ಈ ಸಂಗತಿ ಯಾವ ಕ್ರೈಸ್ತ ವಿಶ್ವಾಸಿಯ ಬರಹದಲ್ಲಾದರೂ ಕಂಡುಬಂದೀತು. ರಮಾಬಾಯಿಯವರಲ್ಲಿ ವಿಶಿಷ್ಟವಾದುದು ಇದರ ಮುಂದಿನ ಮಾತು. ಈ ವಿಮೋಚನೆಯನ್ನು ಯಾವುದೊಂದು ಜಾತಿಗಾಗಲಿ ಲಿಂಗಕ್ಕಾಗಲಿ ಮೀಸಲಿಟ್ಟಿಲ್ಲವೆಂಬುದನ್ನು ಅವರು ಭಾರತದಲ್ಲಿ ಬ್ರಾಹ್ಮಣರ ನಡುವೆ ಹುಟ್ಟಿದ ಹೆಣ್ಣಾಗಿ ತಮಗೆ ಬಂದ ಶುಭವಾರ್ತೆಯೆಂದು ಗುರುತಿಸುತ್ತಾರೆ. ಅತ್ಯಂತ ವೈಯಕ್ತಿಕವಾದ ಈ ಗಳಿಗೆಯಲ್ಲಿಯೂ ಅವರು ಒಂಟಿ ಆತ್ಮವಾಗಿ ಮಾತನಾಡುತ್ತಿಲ್ಲ. ಮೋಕ್ಷದ ಅಧಿಕಾರವಿಲ್ಲವೆಂದು ನಿರ್ಣಯಿಸಲ್ಪಟ್ಟ ಒಂದು ವರ್ಗದ ಸದಸ್ಯೆಯಾಗಿ ಮಾತನಾಡುತ್ತಿದ್ದಾರೆ.

ಇಲ್ಲಿ ಆಕರಗಳ ಬಗೆಗೆ ಒಂದು ಎಚ್ಚರಿಕೆ ಅಗತ್ಯ. ‘ಸಾಕ್ಷಿ’ ಬರೆಯಲ್ಪಟ್ಟದ್ದು 1891ರಲ್ಲಲ್ಲ, 16 ವರ್ಷಗಳ ಅನಂತರ. ಅದೂ 1905ರ ಧಾರ್ಮಿಕ ಉಜ್ಜೀವನದ ಹಿನ್ನೆಲೆಯಲ್ಲಿ. ಇವಾಂಜೆಲಿಕಲ್ ಪಂಥದ ಸಾಕ್ಷಿಗಳಿಗೆ ಕತ್ತಲೆಯಿಂದ ಬೆಳಕಿಗೆ ಎಂಬ ಒಂದು ಸಿದ್ಧ ಚೌಕಟ್ಟು ಇರುತ್ತದೆ. ಹಿಂದಿನ ಬದುಕನ್ನೆಲ್ಲ ಕೊರತೆಯಾಗಿ ಕಾಣಿಸುವುದು ಆ ಚೌಕಟ್ಟಿನ ಗುಣ. ವಾಂಟೇಜ್ ಕಾಲದ ಪತ್ರಗಳಲ್ಲಿ ರಮಾಬಾಯಿ ತಮ್ಮನ್ನು ವಿಶ್ವಾಸವಿಲ್ಲದವಳೆಂದು ಎಣಿಸಿಕೊಂಡಿರಲಿಲ್ಲ. ಆದುದರಿಂದ 1883ರ ದೀಕ್ಷಾಸ್ನಾನವನ್ನು ಕೇವಲ ಬಾಹ್ಯಾಚಾರವೆಂದು ತಳ್ಳಿಹಾಕುವುದು ಸರಿಯಾಗಲಾರದು. ಎರಡೂ ಆಕರಗಳನ್ನು ಕೂಡಿಸಿ ಓದಿದಾಗ ಹೊಳೆಯುವುದಿಷ್ಟು: 1883ರಲ್ಲಿ ಅವರಿಗೆ ದೊರೆತದ್ದು ಸ್ತ್ರೀಗೂ ದೇವರ ಬಳಿ ಸ್ಥಾನವುಂಟೆಂಬ ತತ್ತ್ವ, 1891ರಲ್ಲಿ ದೊರೆತದ್ದು ಆ ಸ್ಥಾನ ತನಗೆ ದೊರೆತಿದೆಯೆಂಬ ನೆಚ್ಚಿಕೆ. ಮೊದಲನೆಯದು ವಾದದಿಂದ ಸಿದ್ಧವಾಗಬಹುದಾದುದು. ಎರಡನೆಯದು ವಾದವನ್ನು ನಿಲ್ಲಿಸಿದಾಗ ಮಾತ್ರ ಬರುವಂತಹುದು.

ಶಾಂತಿ ಮತ್ತು ಸಂಘರ್ಷ

ಒಳಗಿನ ಶಾಂತಿಯು ಹೊರಗಿನ ಬದುಕನ್ನು ಶಾಂತಗೊಳಿಸಲಿಲ್ಲವೆಂಬುದು ಮುಂದಿನ ಘಟನೆಗಳಿಂದ ಸ್ಪಷ್ಟವಾಗುತ್ತದೆ. ಶಾರದಾ ಸದನದಲ್ಲಿ ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟೇ ಪ್ರಾರ್ಥಿಸುತ್ತಿದ್ದರು. ಇಷ್ಟಪಟ್ಟ ಹುಡುಗಿಯರು ಬಂದು ಕೂಡುತ್ತಿದ್ದರು. ಕೆಲವರು ಕ್ರೈಸ್ತ ಮತದತ್ತ ಒಲಿದಾಗ ಪುಣೆಯಲ್ಲಿ ಕೋಲಾಹಲವೆದ್ದಿತು. ‘ಕೇಸರಿ’ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರಕರ್ ಮೊದಲಾದ ಸಲಹಾಸಮಿತಿಯ ಸದಸ್ಯರು ಸಂಬಂಧ ಕಡಿದುಕೊಂಡರು. ಪೋಷಕರು ಹಲವು ವಿದ್ಯಾರ್ಥಿನಿಯರನ್ನು ಹಿಂದಕ್ಕೆ ಕರೆದೊಯ್ದರು.

ಈ ಪ್ರಸಂಗದಲ್ಲಿ ಸುಧಾರಕರ ದೂರು ನಿರಾಧಾರವಾಗಿತ್ತೆನ್ನಲಾಗದು. ಮತನಿರಪೇಕ್ಷತೆಯ ವಚನವನ್ನು ನಂಬಿ ಅವರು ಸಮಾಜದ ಟೀಕೆಯನ್ನು ಎದುರಿಸಿ ಈ ಸಂಸ್ಥೆಗೆ ಆಸರೆಯಾಗಿದ್ದರು. ರಮಾಬಾಯಿಯವರ ಪಕ್ಷವೂ ಅಷ್ಟೇ ಗಟ್ಟಿಯಾಗಿತ್ತು: ತಾನು ಯಾರನ್ನೂ ಒತ್ತಾಯಿಸಲಿಲ್ಲ, ಆದರೆ ತನ್ನ ಪ್ರಾರ್ಥನೆಯನ್ನು ಬಾಗಿಲು ಮುಚ್ಚಿ ಬಚ್ಚಿಡಲಾರೆ. 1891ಕ್ಕೆ ಮುನ್ನ ಅವರ ಮತ ಅವರ ಖಾಸಗಿ ನಿರ್ಣಯವಾಗಿತ್ತು. ಅನಂತರ ಅದು ಹಂಚಿಕೊಳ್ಳಲೇಬೇಕಾದ ಸಂಪತ್ತಾಯಿತು. ಶಾಂತಿ ಪಡೆದವಳ ನಿಶ್ಚಿಂತೆಯೇ ಅವಳ ಮಿತ್ರರ ಅಶಾಂತಿಗೆ ಕಾರಣವಾಯಿತು. ಮಹಾರಾಷ್ಟ್ರದ ಸುಧಾರಣೆಯ ಇತಿಹಾಸದಲ್ಲಿ ಅವರ ಹೆಸರು ದೀರ್ಘಕಾಲ ಮಸುಕಾಗಿ ಉಳಿದುದಕ್ಕೆ ಈ ಬಿರುಕು ಒಂದು ಮುಖ್ಯ ಕಾರಣ.

ಕೇಡಗಾಂವ್: ಮುಕ್ತಿಯ ಮರುವ್ಯಾಖ್ಯಾನ

1896–97ರಲ್ಲಿ ಮಧ್ಯಪ್ರಾಂತಗಳಲ್ಲಿ ಭೀಕರ ಕ್ಷಾಮ ತಲೆದೋರಿತು. ಇಪ್ಪತ್ತು ವರ್ಷಗಳ ಹಿಂದೆ ತಾವೇ ಅನುಭವಿಸಿದ ಹಸಿವನ್ನು ನೆನೆದು ರಮಾಬಾಯಿ ಅಲ್ಲಿಗೆ ಧಾವಿಸಿ ನೂರಾರು ಬಾಲಕಿಯರನ್ನೂ ವಿಧವೆಯರನ್ನೂ ಕರೆತಂದರು. ಪುಣೆಯಿಂದ ಪೂರ್ವಕ್ಕೆ ಕೇಡಗಾಂವಿನಲ್ಲಿ ಸಂಸ್ಥೆಯ ಆದಾಯಕ್ಕೆಂದು ಕೊಂಡಿದ್ದ ಹೊಲದಲ್ಲಿ ಇವರಿಗಾಗಿ ಹೊಸ ನೆಲೆ ಏರ್ಪಟ್ಟಿತು. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿನ ನಿವಾಸಿಗಳ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಬಂದಿತು. ಬೇಸಾಯ, ನೇಯ್ಗೆ, ಹೈನುಗಾರಿಕೆ, ಮುದ್ರಣ ಮುಂತಾದ ಕೆಲಸಗಳನ್ನು ಹೆಂಗಸರೇ ಕಲಿತು ನಡೆಸಿದರು.

ಈ ನೆಲೆಗೆ ಅವರು ಇಟ್ಟ ಹೆಸರು ‘ಮುಕ್ತಿ’. ಹೆಸರಿನ ಆಯ್ಕೆ ಆಕಸ್ಮಿಕವಲ್ಲ. ಧರ್ಮಶಾಸ್ತ್ರಗಳ ಓದಿನಲ್ಲಿ ತಮಗೆ ನಿರಾಕರಿಸಲ್ಪಟ್ಟಿದೆಯೆಂದು ಕಂಡ ಅದೇ ಪದವನ್ನು ಅವರು ಹೆಂಗಸರ ವಸತಿಗೆ ಹೆಸರಾಗಿಸಿದರು. ಪತಿತೆಯರೆನಿಸಿದವರ ಆಶ್ರಯಕ್ಕೆ ‘ಕೃಪಾ ಸದನ’, ವೃದ್ಧೆಯರ ನಿವಾಸಕ್ಕೆ ‘ಪ್ರೀತಿ ಸದನ’ ಎಂಬ ಹೆಸರುಗಳು ಬಂದವು. ಇವನ್ನು ‘ಶಾರದಾ ಸದನ’ದ ಪಕ್ಕದಲ್ಲಿಟ್ಟು ನೋಡಿದರೆ ಅವರ ಮನಸ್ಸಿನ ಪಯಣ ತಿಳಿಯುತ್ತದೆ. ವಿದ್ಯೆಯ ದೇವತೆಯಿಂದ ಹೊರಟ ದಾರಿ ಕೃಪೆ, ಪ್ರೀತಿ, ಮುಕ್ತಿಗಳನ್ನು ತಲುಪಿತು. ಭಾಷೆ ಮಾತ್ರ ತಂದೆಯಿಂದ ಬಂದ ಸಂಸ್ಕೃತವೇ ಆಗಿ ಉಳಿಯಿತು.

1905ರಲ್ಲಿ ಕೇಡಗಾಂವಿನಲ್ಲಿ ನಡೆದ ಉಜ್ಜೀವನವು ಶಾಂತಿಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಆ ವರ್ಷದ ಆರಂಭದಿಂದ ಪ್ರತಿದಿನ ಕೂಡಿ ಪ್ರಾರ್ಥಿಸುತ್ತಿದ್ದ ಹುಡುಗಿಯರಲ್ಲಿ ಜೂನ್ ಕೊನೆಯ ವೇಳೆಗೆ ಅಳು, ಪಾಪನಿವೇದನೆ, ಉಚ್ಚಸ್ವರದ ಪ್ರಾರ್ಥನೆಗಳು ಕಾಣಿಸಿಕೊಂಡವು. ಮರ್ಯಾದಿತ ಆರಾಧನೆಗೆ ಒಗ್ಗಿದ್ದ ಅನೇಕ ಕ್ರೈಸ್ತರಿಗೆ ಇದು ಸರಿಬೀಳಲಿಲ್ಲ. ರಮಾಬಾಯಿ ಭಾರತೀಯರು ತಮ್ಮ ಸ್ವಭಾವಕ್ಕೆ ತಕ್ಕಂತೆ ದೇವರನ್ನು ಆರಾಧಿಸಲು ಬಿಡಬೇಕೆಂದು ಸಮರ್ಥಿಸಿದರು. ಚೆಲ್ಟನ್‌ಹ್ಯಾಮಿನ ತರ್ಕಶೀಲೆ ಮತ್ತು ಕೇಡಗಾಂವಿನ ಭಕ್ತೆ ಬೇರೆ ಬೇರೆ ವ್ಯಕ್ತಿಗಳೇ ಎಂಬ ಸಂದೇಹ ಓದುಗರಿಗೆ ಬರಬಹುದು. ಆದರೆ ಶಿಲುಬೆಯ ಲ್ಯಾಟಿನ್ ಬರಹವನ್ನು ಆಕ್ಷೇಪಿಸಿದ ಮನಸ್ಸು ಇಲ್ಲಿಯೂ ಎಚ್ಚರವಾಗಿದೆ.

ಅವರ ಕೊನೆಯ ದೊಡ್ಡ ಕೆಲಸ ಬೈಬಲಿನ ಮರಾಠಿ ಅನುವಾದ. ಸಾಮಾನ್ಯ ಹೆಂಗಸರಿಗೆ ತಿಳಿಯುವ ಭಾಷೆಯಲ್ಲಿ ಅದು ಇರಬೇಕೆಂದು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಸುಮಾರು ಎರಡು ದಶಕ ದುಡಿದರು. ಮುಕ್ತಿಯ ಮುದ್ರಣಾಲಯದಲ್ಲಿ ಹೆಂಗಸರೇ ಅದನ್ನು ಅಚ್ಚಿಗಿಳಿಸಿದರು. ಹೀಬ್ರೂ ಭಾಷೆಯಲ್ಲಿ ಶಾಂತಿಯನ್ನು ಹೇಳುವ ‘ಶಾಲೋಮ್’ ಎಂಬ ಪದಕ್ಕೆ ಕ್ಷೇಮ, ಪೂರ್ಣತೆ ಎಂಬ ಅರ್ಥಗಳೂ ಇವೆ. ಹೊಲ, ಮಗ್ಗ, ಪಾಠಶಾಲೆ, ಮುದ್ರಣಾಲಯಗಳಿಂದ ಕೂಡಿದ ಕೇಡಗಾಂವಿನ ಜೀವನಕ್ಕೆ ಶಾಂತಿಯ ಈ ವಿಶಾಲಾರ್ಥವೇ ಹೆಚ್ಚು ಒಪ್ಪುವಂತಹುದು. ಅನುವಾದವು ಪೂರ್ಣರೂಪದಲ್ಲಿ ಪ್ರಕಟವಾದದ್ದು ಅವರ ಮರಣಾನಂತರ, 1924ರಲ್ಲಿ.

ಕರ್ನಾಟಕದೊಡನೆ ಅವರ ಸಂಬಂಧ ಇನ್ನೊಮ್ಮೆ ಕುದುರಿದುದನ್ನೂ ಇಲ್ಲಿ ಹೇಳಬೇಕು. ಆಗ ನಿಜಾಮರ ಆಳ್ವಿಕೆಗೆ ಸೇರಿದ್ದ ಗುಲ್ಬರ್ಗಾದಲ್ಲಿ (ಇಂದಿನ ಕಲಬುರಗಿ) 1912ರಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿ ಅದರ ಹೊಣೆಯನ್ನು ಮನೋರಮಾಬಾಯಿಯವರಿಗೆ ವಹಿಸಿದರು. ತಾಯಿಯ ಉತ್ತರಾಧಿಕಾರಿಯಾಗಬೇಕಾಗಿದ್ದ ಮನೋರಮಾಬಾಯಿ 1921ರಲ್ಲಿ ತೀರಿಕೊಂಡರು. ಮರುವರ್ಷ, 1922ರ ಏಪ್ರಿಲ್ 5ರಂದು, ರಮಾಬಾಯಿ ಕೇಡಗಾಂವಿನಲ್ಲಿ ನಿಧನರಾದರು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ರಮಾಬಾಯಿಯವರ ಜೀವನದಲ್ಲಿ ಮತಸ್ವೀಕಾರ ಮತ್ತು ಮನಶ್ಶಾಂತಿ ಎರಡು ಪ್ರತ್ಯೇಕ ಘಟನೆಗಳು. ಮತಾಂತರದ ದಿನಾಂಕವನ್ನೇ ಅಂತರಂಗದ ಪರಿವರ್ತನೆಯ ದಿನಾಂಕವೆಂದು ಎಣಿಸುವ ನಮ್ಮ ರೂಢಿಯನ್ನು ಇದು ಪ್ರಶ್ನಿಸುತ್ತದೆ. ಎರಡನೆಯದಾಗಿ, ಅವರು ಅರಸಿದ ಶಾಂತಿ ಲೋಕದಿಂದ ವಿಮುಖವಾದ ನೆಮ್ಮದಿಯಲ್ಲ. ಮುಕ್ತಿಗೆ ಹೆಣ್ಣು ಅರ್ಹಳೇ ಎಂಬ ಚಾರಿತ್ರಿಕ ಪ್ರಶ್ನೆಯೊಡನೆ ಅದು ಹುಟ್ಟಿನಿಂದಲೇ ಬೆಸೆದುಕೊಂಡಿತ್ತು. ಆದುದರಿಂದಲೇ ಅದು ದೊರೆತ ಮೇಲೆ ಧ್ಯಾನಮಂದಿರವಾಗದೆ ಸಾವಿರಾರು ಹೆಂಗಸರ ವಸತಿಯಾಯಿತು. ಮೂರನೆಯದಾಗಿ, ಈ ಶಾಂತಿಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ಮಿತ್ರರ ಅಗಲಿಕೆ, ಸ್ವಸಮಾಜದ ತಿರಸ್ಕಾರ, ಸುಧಾರಣೆಯ ಇತಿಹಾಸದಲ್ಲಿ ದೀರ್ಘಕಾಲದ ಮರೆವು ಆ ಬೆಲೆಯ ಭಾಗವೇ.

ಒಳಗಿನ ಶಾಂತಿಯನ್ನು ಅಳೆಯುವ ಮಾನದಂಡ ಇತಿಹಾ­ಸಕಾರನ ಬಳಿ ಇಲ್ಲ. ಆದರೆ ಅದಕ್ಕೆ ಮುಂಚಿನ ಪ್ರಶ್ನೆಯನ್ನೂ ಅನಂತರದ ಕೃತಿಯನ್ನೂ ಅವನು ಆಕರಗಳಲ್ಲಿ ಗುರುತಿಸಬಲ್ಲ. ರಮಾಬಾಯಿಯವರ ಪತ್ರಗಳು, ‘ಸಾಕ್ಷಿ’, ಕೇಡಗಾಂವಿನ ಮನೆಗಳ ಹೆಸರುಗಳು ಈ ಎರಡನ್ನೂ ಒದಗಿಸುತ್ತವೆ. ಕರಾವಳಿ ಮತ್ತು ಮಲೆನಾಡಿನ ವಿದ್ಯಾಪರಂಪರೆಯನ್ನೂ ಕನ್ನಡ ನಾಡಿನ ಕ್ರೈಸ್ತ ಅನುಭವವನ್ನೂ ಕುರಿತು ಮುಂದೆ ನಡೆಯುವ ಸಂಶೋಧನೆಗಳು ಮಾಳದಿಂದ ಗಂಗಾಮೂಲದ ಕಾಡಿಗೆ ಹತ್ತಿದ ಆ ಕುಟುಂಬವನ್ನು ತಮ್ಮ ವ್ಯಾಪ್ತಿಯೊಳಗೆ ತರಬೇಕಾದುದು ಅಗತ್ಯ.